ಉಣಿಸಬೇಕಾದ್ದು ನೀರಿಗೆ: ಸಣ್ಣ ರೈತರಿಗೆ ಕಡಿಮೆ ಖರ್ಚಿನ ಸಮಗ್ರ ಮೀನು ಕೃಷಿ

ಮೀನು ಸಾಕಣೆಯಲ್ಲಿ ರೈತನ ಕೈಯಿಂದ ಹೆಚ್ಚು ಹಣ ಸೋರಿಹೋಗುವುದು ಆಹಾರಕ್ಕೆ. ಕಾರ್ಖಾನೆಯಲ್ಲಿ ತಯಾರಾದ ಆಹಾರವನ್ನೇ ನೆಚ್ಚಿಕೊಂಡರೆ ಒಟ್ಟು ಖರ್ಚಿನ ಅರ್ಧಕ್ಕೂ ಹೆಚ್ಚು ಪಾಲು ಅದಕ್ಕೇ ಹೋಗುತ್ತದೆ. ಸಮಗ್ರ ಮೀನು ಕೃಷಿ ಈ ಸೋರಿಕೆಯನ್ನು ತಡೆಯುತ್ತದೆ. ಕೊಟ್ಟಿಗೆಯ ಸಗಣಿ, ಕೋಳಿ ಅಥವಾ ಬಾತುಕೋಳಿಯ ಹಿಕ್ಕೆ, ಹೊಲದ ಕಳೆ, ಅಕ್ಕಿಯ ತೌಡು ಇವೆಲ್ಲ ಕೊಳಕ್ಕೆ ಸೇರುತ್ತವೆ; ಬ್ಯಾಕ್ಟೀರಿಯಾಗಳು ಅವನ್ನು ಕೊಳೆಸಿ ಸಾರಜನಕ ಮತ್ತು ರಂಜಕವನ್ನು ಬಿಡಿಸಿಕೊಡುತ್ತವೆ; ಉಷ್ಣವಲಯದ ಬಿಸಿಲಿನಲ್ಲಿ ಆ ಪೋಷಕಾಂಶಗಳಿಂದ ಸೂಕ್ಷ್ಮ ಪಾಚಿ ಬೆಳೆಯುತ್ತದೆ; ಪಾಚಿಯನ್ನು ತಿನ್ನುವ ಸೂಕ್ಷ್ಮ ಜೀವಿಗಳನ್ನೂ ಪಾಚಿಯನ್ನೂ ಮೀನು ತಿನ್ನುತ್ತದೆ. ಅಂದರೆ ರೈತ ಇಲ್ಲಿ ಬೆಳೆಸುವುದು ಮೊದಲು ಹಸಿರು ನೀರನ್ನು, ಆಮೇಲೆ ಮೀನನ್ನು.

ಕೊಳಕ್ಕೂ ಒಂದು ಹೊಟ್ಟೆಯಿದೆ, ಅದು ದಿನಕ್ಕೆ ಇಷ್ಟೇ ಗೊಬ್ಬರವನ್ನು ಅರಗಿಸಿಕೊಳ್ಳಬಲ್ಲದು. ಆದ್ದರಿಂದ ಎಷ್ಟು ಕೋಳಿ, ಎಷ್ಟು ಹಂದಿ, ಎಷ್ಟು ಮೀನುಮರಿ ಎಂಬುದನ್ನು ಕೊಳದ ವಿಸ್ತೀರ್ಣ ನೋಡಿಯೇ ನಿರ್ಧರಿಸಬೇಕು. ಇಲ್ಲಿ ಕೊಟ್ಟಿರುವ ಲೆಕ್ಕಗಳೆಲ್ಲ 1,000 ಚದರ ಮೀಟರ್, ಅಂದರೆ ಸುಮಾರು 10 ಗುಂಟೆ ವಿಸ್ತೀರ್ಣದ ಕೊಳಕ್ಕೆ ಸಂಬಂಧಿಸಿದವು. ಜಾಗ ಕಡಿಮೆಯಿದ್ದರೆ ಅದೇ ಪ್ರಮಾಣದಲ್ಲಿ ಇಳಿಸಿಕೊಳ್ಳಬಹುದು.

ಜಾಗ, ಮಣ್ಣು, ಏರಿ

ಮೊದಲು ಮಣ್ಣನ್ನು ಪರೀಕ್ಷಿಸಬೇಕು. ಒಂದು ಹಿಡಿ ಒದ್ದೆ ಮಣ್ಣನ್ನು ಉಂಡೆ ಕಟ್ಟಿ ಮೇಲಕ್ಕೆಸೆದು ಹಿಡಿಯಿರಿ. ಉಂಡೆ ಒಡೆಯದಿದ್ದರೆ ಅದರಲ್ಲಿ ಜೇಡಿಯ ಅಂಶ ಸಾಕಷ್ಟಿದೆ ಎಂದು ಮೇಲ್ನೋಟಕ್ಕೆ ಹೇಳಬಹುದು. ಇಷ್ಟಕ್ಕೇ ತೃಪ್ತರಾಗದೆ ಸೊಂಟದಾಳದ ಗುಂಡಿ ತೋಡಿ, ಬೆಳಿಗ್ಗೆ ಅಂಚಿನವರೆಗೆ ನೀರು ತುಂಬಿಸಬೇಕು. ಒಣ ಮಣ್ಣು ಹೀರಿಕೊಳ್ಳುವುದರಿಂದ ಸಂಜೆಯ ಹೊತ್ತಿಗೆ ನೀರು ಇಳಿದಿರುವುದು ಸಹಜ. ಮತ್ತೆ ತುಂಬಿಸಿ ಸೊಪ್ಪಿನ ಕೊಂಬೆಗಳಿಂದ ಮುಚ್ಚಿಡಿ. ಮರುದಿನ ಬೆಳಿಗ್ಗೆ ಹೆಚ್ಚಿನ ನೀರು ಹಾಗೆಯೇ ನಿಂತಿದ್ದರೆ ಅಲ್ಲಿ ಕೊಳ ತೋಡಬಹುದು. ನೀರು ನಿಲ್ಲದ ಮರಳು ಮಣ್ಣಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಕೊಳ ಮಾಡುವುದು ಸಾಧ್ಯವಾದರೂ ಆಗ 'ಕಡಿಮೆ ಖರ್ಚು' ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು, ಏರಿ ಬರುವ ಜಾಗದ ಉದ್ದಕ್ಕೂ ಒಂದು ಕಾಲುವೆ ತೋಡಿ ಅದನ್ನು ಜೇಡಿಮಣ್ಣಿನಿಂದ ಗಟ್ಟಿಯಾಗಿ ತುಂಬಿದರೆ ಏರಿಯ ಬುಡದಲ್ಲಿ ನೀರು ಜಿನುಗುವುದಿಲ್ಲ. ಕೊಳದ ತಳ ಒಂದು ಬದಿಯಲ್ಲಿ ಸುಮಾರು 75 ಸೆಂಟಿಮೀಟರ್, ತೂಬಿರುವ ಬದಿಯಲ್ಲಿ 1.2ರಿಂದ 1.5 ಮೀಟರ್ ಆಳವಿರುವಂತೆ ಇಳಿಜಾರಾಗಿರಲಿ. ಇದಕ್ಕಿಂತ ಆಳ ತೋಡುವುದು ವ್ಯರ್ಥ. ಬಿಸಿಲು ತಲುಪದ ನೀರಿನಲ್ಲಿ ಪಾಚಿ ಬೆಳೆಯುವುದಿಲ್ಲ. ಏರಿಯ ಒಳಮೈ ಒಂದು ಅಡಿ ಎತ್ತರಕ್ಕೆ ಎರಡು ಅಡಿಯಷ್ಟು ಓರೆಯಾಗಿರಬೇಕು ಮತ್ತು ನೀರಿನ ಮಟ್ಟಕ್ಕಿಂತ ಏರಿ ಕನಿಷ್ಠ 30 ಸೆಂಟಿಮೀಟರ್ ಮೇಲಿರಬೇಕು. ಹೆಚ್ಚಾದ ನೀರು ಹರಿದುಹೋಗಲು ಕೋಡಿಯೂ, ಅದರ ಬಾಯಿಗೆ ಜಾಲರಿಯೂ ಅಗತ್ಯ. ಜಾಲರಿಯಿಲ್ಲದ ಕೊಳದ ಮೀನು ಮೊದಲ ದೊಡ್ಡ ಮಳೆಯವರೆಗೆ ಮಾತ್ರ ನಿಮ್ಮದು.

ಸುಣ್ಣ ಮತ್ತು ಹಸಿರು ನೀರು

ಒಣಗಿದ ತಳಕ್ಕೆ 20ರಿಂದ 50 ಕಿಲೋ ಸುಣ್ಣವನ್ನು ಸಮವಾಗಿ ಎರಚಬೇಕು. ಮಣ್ಣು ಹೆಚ್ಚು ಹುಳಿಯಾಗಿದ್ದಷ್ಟೂ ಸುಣ್ಣ ಹೆಚ್ಚು ಬೇಕು. ನೀರಿನ ರಸಸಾರ (ಹುಳಿ-ಕ್ಷಾರದ ಅಳತೆ, ಪಿಎಚ್) 6.5ರಿಂದ 8.5ರ ನಡುವೆ ಇದ್ದರೆ ಹಾಕಿದ ಗೊಬ್ಬರ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೆರಡು ವಾರದ ನಂತರ 200 ಕಿಲೋದಷ್ಟು ಹಸಿ ಸಗಣಿ ಹಾಕಿ ನೀರು ತುಂಬಿಸಬೇಕು. ಒಳಬರುವ ನೀರನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಸೋಸದಿದ್ದರೆ ಕಾಡುಮೀನುಗಳು ಮರಿಗಳಿಗಿಂತ ಮೊದಲೇ ಬಂದು ಸೇರಿಕೊಳ್ಳುತ್ತವೆ.

ಕೆಲವು ದಿನಗಳಲ್ಲಿ ನೀರು ಹಸಿರಾಗುತ್ತದೆ. ಅದನ್ನು ಅಳೆಯಲು ನಿಮ್ಮ ಕೈಯೇ ಸಾಕು. ತೋಳನ್ನು ನೇರವಾಗಿ ನೀರಿಗಿಳಿಸುತ್ತ ಅಂಗೈಯನ್ನೇ ನೋಡುತ್ತಿರಿ. ನೀರು ಮೊಣಕೈ ಮುಟ್ಟುವ ಹೊತ್ತಿಗೆ, ಅಂದರೆ ಸುಮಾರು 30 ಸೆಂಟಿಮೀಟರ್ ಆಳದಲ್ಲಿ, ಅಂಗೈ ಮರೆಯಾದರೆ ಹದ ಸರಿಯಾಗಿದೆ. ಅದಕ್ಕೂ ಬಹಳ ಮೊದಲೇ ಮರೆಯಾದರೆ ಗೊಬ್ಬರ ನಿಲ್ಲಿಸಿ. ಮೊಣಕೈ ಮುಳುಗಿದ ಮೇಲೂ ಬೆರಳುಗಳು ಸ್ಪಷ್ಟವಾಗಿ ಕಂಡರೆ ಇನ್ನಷ್ಟು ಹಾಕಿ. ನೀರು ಮಣ್ಣಿನಿಂದ ಕದಡಿದ್ದರೆ ಈ ಪರೀಕ್ಷೆ ಮೋಸ ಮಾಡುತ್ತದೆ, ಆದ್ದರಿಂದ ಬಣ್ಣವನ್ನೂ ಗಮನಿಸಬೇಕು.

ಯಾವ ಪ್ರಾಣಿ, ಎಷ್ಟು?

ಸಾವಿರ ಚದರ ಮೀಟರಿಗೆ 50ರಿಂದ 60 ಕೋಳಿ, ಇಲ್ಲವೆ 20ರಿಂದ 30 ಬಾತುಕೋಳಿ, ಇಲ್ಲವೆ 3ರಿಂದ 4 ಹಂದಿ ಸಾಕು. 'ಇಲ್ಲವೆ' ಎಂಬ ಪದವನ್ನು ದಯವಿಟ್ಟು ಗಮನಿಸಿ. ಮೂರನ್ನೂ ಒಟ್ಟಿಗೆ ಸಾಕಿದರೆ ಕೊಳ ಕೊಳೆಯುತ್ತದೆ. ಹಂದಿ ಮತ್ತು ಹಕ್ಕಿಗಳನ್ನು ಒಂದೇ ಕಡೆ ಒತ್ತೊತ್ತಾಗಿ ಸಾಕುವುದು ಜ್ವರದ ವೈರಾಣುಗಳು ಒಂದರಿಂದ ಇನ್ನೊಂದಕ್ಕೆ ದಾಟುವ ದೃಷ್ಟಿಯಿಂದಲೂ ಒಳ್ಳೆಯದಲ್ಲ.

ನನ್ನನ್ನು ಕೇಳಿದರೆ ಹೊಸಬರಿಗೆ ಬಾತುಕೋಳಿಯೇ ಮೇಲು. ಅದು ಈಜುತ್ತ ಗೊಬ್ಬರವನ್ನು ಕೊಳದ ತುಂಬ ತಾನೇ ಹರಡುತ್ತದೆ, ಅಂಚಿನ ಕೆಸರನ್ನು ಕೊಕ್ಕಿನಿಂದ ಕೆದಕಿ ಅಲ್ಲಿ ಹುದುಗಿದ್ದ ಪೋಷಕಾಂಶವನ್ನು ನೀರಿಗೆ ಬಿಡುತ್ತದೆ, ಬಸವನಹುಳುಗಳನ್ನು ತಿಂದು ತೀರಿಸುತ್ತದೆ. ಆದರೆ ಸಣ್ಣ ಮೀನುಮರಿಗಳನ್ನೂ ಅದು ಅಷ್ಟೇ ಉತ್ಸಾಹದಿಂದ ತಿನ್ನುವುದರಿಂದ, ಮರಿಗಳು 10 ಸೆಂಟಿಮೀಟರಿಗಿಂತ ಉದ್ದ ಬೆಳೆಯುವವರೆಗೆ ಬಾತುಗಳನ್ನು ಕೊಳಕ್ಕೆ ಬಿಡಬಾರದು. ಕೋಳಿಗಾದರೆ ಗೂಡನ್ನು ನೀರಿನ ಮೇಲೆ ಕಂಬಗಳ ಮೇಲೆ ಕಟ್ಟಿ, ಬಿದಿರಿನ ಸೀಳುಗಳ ನೆಲ ಮಾಡಿದರೆ ಹಿಕ್ಕೆಯೂ ಚೆಲ್ಲಿದ ಆಹಾರವೂ ನೇರವಾಗಿ ಕೊಳಕ್ಕೆ ಬೀಳುತ್ತವೆ. ಬರೀ ದನವಿರುವವರು ವರ್ಷಕ್ಕೆ ಒಂದು ಟನ್ನಿನಷ್ಟು ಸಗಣಿಯನ್ನು ಕಂತುಗಳಲ್ಲಿ ಹಾಕಬಹುದು; ಕೊಳದ ಮೂಲೆಯಲ್ಲಿ ಗೂಟಗಳಿಂದ ಬೇಲಿ ಹಾಕಿ, ಅದರೊಳಗೆ ಸಗಣಿ ಮತ್ತು ಸೊಪ್ಪನ್ನು ಒಟ್ಟಿಟ್ಟರೆ ಸಾರ ನಿಧಾನವಾಗಿ ನೀರಿಗಿಳಿಯುತ್ತದೆ.

ಮರಿ ಬಿಡುವುದು

ಕೊಳದ ಎಲ್ಲ ಆಹಾರವೂ ಬಳಕೆಯಾಗಬೇಕಾದರೆ ಮೇಲಿನ ನೀರಿನಲ್ಲಿ ತಿನ್ನುವ ಕಾಟ್ಲಾ, ನಡುವಿನ ರೋಹು, ತಳದ ಮೃಗಾಲ್ ಈ ಮೂರು ಗೆಂಡೆ ಮೀನುಗಳನ್ನು 4:3:3ರ ಪ್ರಮಾಣದಲ್ಲಿ ಒಟ್ಟು 500ರಿಂದ 800 ಮರಿ ಬಿಡಬಹುದು. ಜೊತೆಗೆ ಕೆಲವು ಹುಲ್ಲುಗೆಂಡೆಗಳಿದ್ದರೆ ಏರಿಯ ಮೇಲೆ ಕೊಯ್ದ ಹುಲ್ಲು ವ್ಯರ್ಥವಾಗುವುದಿಲ್ಲ. ಅವು ತಿಂದು ಹಾಕುವ ಹಿಕ್ಕೆಯೂ ನೀರಿಗೆ ಗೊಬ್ಬರವೇ. ಗೆಂಡೆ ಮರಿ ಸಿಗದ ಕಡೆ ತಿಲಾಪಿಯಾ ಸುಲಭದ ಆಯ್ಕೆ. ಚದರ ಮೀಟರಿಗೆ ಒಂದೆರಡು ಮರಿ ಸಾಕು. ಅದರ ಒಂದೇ ದೋಷವೆಂದರೆ ಎರಡು ಮೂರು ತಿಂಗಳಿಗೇ ಮರಿ ಹಾಕತೊಡಗಿ, ಕೊಳದ ತುಂಬ ಬೆರಳುದ್ದದ ಮೀನುಗಳನ್ನು ತುಂಬಿಸಿಬಿಡುವುದು. ಬೇಗ ಬೆಳೆಯುವ ಗಂಡು ಮರಿಗಳನ್ನಷ್ಟೇ ಬಿಡುವುದು ಇದಕ್ಕೆ ಪರಿಹಾರ. ಅದು ಆಗದಿದ್ದರೆ ಸಣ್ಣವನ್ನು ಆಗಾಗ ಹಿಡಿದು ತೆಗೆಯುತ್ತಿರಬೇಕು.

ಮರಿಗಳ ಚೀಲವನ್ನು ಬಿಚ್ಚದೆ 15ರಿಂದ 20 ನಿಮಿಷ ಕೊಳದ ನೀರಿನ ಮೇಲೆ ತೇಲಿಬಿಟ್ಟು, ನಂತರ ಚೀಲಕ್ಕೆ ಸ್ವಲ್ಪ ಸ್ವಲ್ಪವಾಗಿ ಕೊಳದ ನೀರು ಸೇರಿಸಿ, ಅವು ತಾವಾಗಿಯೇ ಈಜಿಕೊಂಡು ಹೊರಹೋಗಲು ಬಿಡಬೇಕು. ಈ ಕೆಲಸಕ್ಕೆ ತಂಪಾದ ಬೆಳಿಗ್ಗೆ ಅಥವಾ ಸಂಜೆಯೇ ಸೂಕ್ತ.

ನಸುಕಿನ ಕಾವಲು

ಇಡೀ ಪದ್ಧತಿಯಲ್ಲಿ ಹೆಚ್ಚು ಜನ ಸೋಲುವುದು ಇಲ್ಲಿ. ಹಗಲಿನಲ್ಲಿ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಕೊಳೆಯುವ ಗೊಬ್ಬರವಂತೂ ಹಗಲಿರುಳೂ ಬಳಸುತ್ತಿರುತ್ತದೆ. ಹೀಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮೊದಲು ನೀರಿನಲ್ಲಿ ಆಮ್ಲಜನಕ ಅತ್ಯಂತ ಕಡಿಮೆಯಿರುತ್ತದೆ. ಆ ಹೊತ್ತಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದರೆ ಹಿಂದಿನ ದಿನಗಳಲ್ಲಿ ಗೊಬ್ಬರ ಹೆಚ್ಚಾಗಿದೆ ಎಂದರ್ಥ. ಕೂಡಲೇ ಹೊಸ ನೀರು ಬಿಡಬೇಕು, ಅದು ಎತ್ತರದಿಂದ ಚಿಮ್ಮಿ ಬಿದ್ದರೆ ಇನ್ನೂ ಒಳ್ಳೆಯದು. ನೀರಿಲ್ಲದಿದ್ದರೆ ಕೋಲಿನಿಂದ ಬಡಿದಾದರೂ ಕೊಳವನ್ನು ಕಲಕಬೇಕು. ತಳದ ಕೆಸರು ಮಾತ್ರ ಏಳಬಾರದು. ಮೀನು ಚೇತರಿಸಿಕೊಂಡು ನೀರಿನ ಹಸಿರು ಹದಕ್ಕೆ ಬರುವವರೆಗೆ ಗೊಬ್ಬರವನ್ನೂ ಆಹಾರವನ್ನೂ ನಿಲ್ಲಿಸಬೇಕು.

ಗೊಬ್ಬರವನ್ನು ವಾರಕ್ಕೊಮ್ಮೆ ರಾಶಿ ಸುರಿಯುವುದಕ್ಕಿಂತ ದಿನವೂ ಸ್ವಲ್ಪ ಸ್ವಲ್ಪ, ಬಿಸಿಲೇರಿದ ಮೇಲೆ ಹಾಕುವುದು ಕ್ಷೇಮ. ಮೋಡ ಮುಸುಕಿದ ದಿನ ಹಾಕಲೇಬಾರದು. ತೌಡು ಮತ್ತು ಎಣ್ಣೆ ಹಿಂಡಿಯನ್ನು ಸಮ ಪ್ರಮಾಣದಲ್ಲಿ ಬೆರೆಸಿ, ಮೀನಿನ ಒಟ್ಟು ತೂಕದ ಶೇ 2ರಿಂದ 3ರಷ್ಟನ್ನು ದಿನವೂ ಕೊಟ್ಟರೆ ಬೆಳವಣಿಗೆ ಚುರುಕಾಗುತ್ತದೆ. ತಟ್ಟೆಯಲ್ಲಿಟ್ಟು ಇಳಿಸಿದರೆ ಉಳಿದದ್ದು ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಬೀಸುಬಲೆ ಹಾಕಿ ಕೆಲವು ಮೀನುಗಳನ್ನು ತೂಗಿ ನೋಡದೆ ಈ ಲೆಕ್ಕ ಕೂಡುವುದಿಲ್ಲ.

ಏರಿ, ಕೊಯ್ಲು, ಹೂಳು

ತೆಗೆದಿಟ್ಟ ಮೇಲ್ಮಣ್ಣನ್ನು ಏರಿಯ ಮೇಲೆ ಹರಡಿ ಸೊಪ್ಪು ತರಕಾರಿ, ಬಾಳೆ, ಪಪ್ಪಾಯಿ ಬೆಳೆಯಬಹುದು. ಕೊಳಕ್ಕೆ ನೆರಳು ಕವಿಯುವ, ಏರಿಯನ್ನು ಬೇರಿನಿಂದ ಸೀಳುವ ದೊಡ್ಡ ಮರಗಳು ಬೇಡ. ಚೀನಾದ ಪರ್ಲ್ ನದಿಯ ಮುಖಜ ಭೂಮಿಯಲ್ಲಿ ಏರಿಯ ಮೇಲೆ ಹಿಪ್ಪುನೇರಳೆ ಬೆಳೆದು, ರೇಷ್ಮೆ ಹುಳುವಿನ ಹಿಕ್ಕೆಯನ್ನು ಮೀನಿಗೂ, ಕೊಳದ ಹೂಳನ್ನು ಹಿಪ್ಪುನೇರಳೆಗೂ ಹಾಕುವ ಪದ್ಧತಿ ಶತಮಾನಗಳ ಕಾಲ ನಡೆದುಬಂದಿದೆ. ಏರಿಯ ಬೆಳೆಗೆ ಕೀಟನಾಶಕ ಸಿಂಪಡಿಸಿದರೆ ಅದು ಕೊಳಕ್ಕೆ ಇಳಿಯುತ್ತದೆ ಎಂಬುದನ್ನು ಮರೆಯಬಾರದು.

ತಿಲಾಪಿಯಾ ಸುಮಾರು 6 ತಿಂಗಳಿಗೆ, ಗೆಂಡೆಗಳು 8ರಿಂದ 12 ತಿಂಗಳಿಗೆ ಹಿಡಿಯಲು ಬರುತ್ತವೆ. ಚೆನ್ನಾಗಿ ನೋಡಿಕೊಂಡ ಕೊಳದಿಂದ ವರ್ಷಕ್ಕೆ 200ರಿಂದ 400 ಕಿಲೋ ಮೀನು ನಿರೀಕ್ಷಿಸಬಹುದು. ಕೊಯ್ಲಿಗೆ ಒಂದೆರಡು ವಾರ ಮೊದಲೇ ಗೊಬ್ಬರ ನಿಲ್ಲಿಸಿ, ಹಿಡಿದ ಮೀನನ್ನು ಶುದ್ಧ ನೀರಿನಲ್ಲಿ ತೊಳೆದು, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಹಸಿ ಮೀನಿನ ಮೂಲಕ ಪಿತ್ತಜನಕಾಂಗಕ್ಕೆ ಸೇರುವ ಪರೋಪಜೀವಿ ಹುಳುಗಳಿವೆ. ಶೌಚಾಲಯದ ನೀರು ಯಾವ ಕಾರಣಕ್ಕೂ ಕೊಳಕ್ಕೆ ಸೇರಬಾರದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೇಲಿಯ ಖರ್ಚನ್ನು ಉಳಿಸಲು ಹೋಗಬೇಡಿ.

ಕೊನೆಯ ಮೀನು ಹಿಡಿದ ಮೇಲೆ ನೀರನ್ನು ತೂಬಿನ ಮೂಲಕ ಹೊಲಕ್ಕೆ ಹರಿಸಿ, ತಳದ ಮೇಲುಹೂಳನ್ನು ಕೆರೆದು ತರಕಾರಿ ಮಡಿಗಳಿಗೆ ಹಾಕಿ. ಉಳಿದ ತಳ ಬಿಸಿಲಿಗೆ ಒಣಗಿ ಬಿರುಕು ಬಿಡುವವರೆಗೆ ಕಾಯಿರಿ. ಬಿರುಕಿನೊಳಗೆ ಅಡಗಿರುವ ಕಾಡುಮೀನುಗಳನ್ನು ಹುಡುಕಿ ತೆಗೆದು ಮತ್ತೆ ಸುಣ್ಣ ಎರಚಿ.