ಮೈಲುತುತ್ತದ ‘ಜೋಡಿ’ಗಳನ್ನು ಮೀಟರಿನಲ್ಲಿ ಹಿಡಿಯುವುದು ಹೇಗೆ?

ಉಪ್ಪು ಜಾಸ್ತಿ ಹಾಕಿದಷ್ಟೂ ನೀರಿನಲ್ಲಿ ಕರೆಂಟ್ ಜಾಸ್ತಿ ಹರಿಯುತ್ತದೆ. ವಿಜ್ಞಾನ ಮೇಳಗಳಲ್ಲಿ ಈ ಪ್ರಯೋಗ ಮಾಮೂಲು. ಎಷ್ಟು ಜಾಸ್ತಿ ಅಂತ ಅಳೆಯುವವರು ಕಡಿಮೆ. ಅಳೆಯಲು ಹೊರಟವರೂ ಕೊನೆಯಲ್ಲಿ, ತೆಳು ದ್ರಾವಣದ ಹತ್ತಿರ ಎಡವುತ್ತಾರೆ.

ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ನೀರಿಗೆ ಬಿದ್ದರೆ ಅಯಾನುಗಳಾಗಿ, ಅಂದರೆ ವಿದ್ಯುತ್ ಹೊತ್ತ ಕಣಗಳಾಗಿ, ಬಿಡಿಯಾಗುತ್ತದೆ. ತಾಮ್ರದ ಮೇಲೆ ಎರಡು ಪ್ಲಸ್, ಸಲ್ಫೇಟಿನ ಮೇಲೆ ಎರಡು ಮೈನಸ್. ಸೆಳೆತ ಜೋರು. ದ್ರಾವಣ ಗಟ್ಟಿಯಾದಷ್ಟೂ ಒಂದಿಷ್ಟು ಅಯಾನುಗಳು ಜೊತೆ ಸೇರಿಕೊಂಡೇ ಓಡಾಡುತ್ತವೆ. ಜೋಡಿಯ ಲೆಕ್ಕ ಒಟ್ಟಾರೆ ಸೊನ್ನೆ, ಹಾಗಾಗಿ ಅದು ಕರೆಂಟ್ ಒಯ್ಯುವುದಿಲ್ಲ. 1926ರಲ್ಲಿ ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ನೀಲ್ಸ್ ಬ್ಯೆರುಮ್ ಈ ಜೋಡಿಗಳಿಗೆ ಲೆಕ್ಕಾಚಾರ ಕೊಟ್ಟರು.

1. ಮೀಟರ್. ಮೈಕ್ರೊಸೀಮೆನ್ಸ್ (ವಾಹಕತೆಯ, ಅಂದರೆ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದರ ಅಳತೆ) ತೋರಿಸುವ ಪೆನ್ ಮೀಟರ್ ತನ್ನಿ, 20,000ದವರೆಗೆ ಅಳೆಯುವಂಥದ್ದು. ಆರ್‌ಒ ರಿಪೇರಿಯವರ ಟಿಡಿಎಸ್ ಪೆನ್ ಒಳಗೊಳಗೇ ಇದನ್ನೇ ಅಳೆದು, ಒಂದು ಅಂಕಿಯಿಂದ ಗುಣಿಸಿ ಪಿಪಿಎಂ ಅನ್ನುತ್ತದೆ. ನಾವು ರೀಡಿಂಗನ್ನು ರೀಡಿಂಗಿನಿಂದಲೇ ಭಾಗಿಸುವುದರಿಂದ ಅದೂ ನಡೆಯುತ್ತದೆ. ಮಲ್ಟಿಮೀಟರ್ ಮಾತ್ರ ಬೇಡವೇ ಬೇಡ. ಅದರ ಡಿಸಿ ಕರೆಂಟಿಗೆ ಕಡ್ಡಿಗಳ ಮೇಲೆ ರಾಸಾಯನಿಕ ಕ್ರಿಯೆ ಶುರುವಾಗಿ ಅಂಕಿ ಓಡುತ್ತಲೇ ಇರುತ್ತದೆ. ಜರ್ಮನಿಯ ವಿಜ್ಞಾನಿ ಕೋಲ್‌ರಾಶ್ 19ನೇ ಶತಮಾನದಲ್ಲೇ ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟ್ ಬಳಸಿದ್ದು ಇದೇ ಕಾರಣಕ್ಕೆ.

2. ತೂಕ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 12.48 ಗ್ರಾಂ ಮೈಲುತುತ್ತ. ಹೋಲಿಸಿ ನೋಡಲು ಇನ್ನೊಂದು ಲೀಟರಿಗೆ 5.84 ಗ್ರಾಂ ಅಡುಗೆ ಉಪ್ಪು. ಅಡುಗೆಮನೆಯ ತಕ್ಕಡಿ ಸಾಲದು, ಚಿನ್ನ ತೂಗುವ ಪುಟ್ಟ ತಕ್ಕಡಿ ಬೇಕು. ಹರಳು ಕಡುನೀಲಿಯಾಗಿರಲಿ. ಬೆಳ್ಳಗೆ ಪುಡಿಯಾಗಿದ್ದರೆ ಒಳಗಿನ ನೀರು ಹೋಗಿದೆ ಎಂದರ್ಥ, ತೂಕ ತಪ್ಪುತ್ತದೆ. ಕಬ್ಬಿಣದ ಚಮಚ ಹಾಕಬೇಡಿ, ಅದಕ್ಕೆ ತಾಮ್ರ ಹತ್ತಿಕೊಳ್ಳುತ್ತದೆ.

3. ತೆಳು ಮಾಡುವುದು. 50 ಗ್ರಾಂ ದ್ರಾವಣಕ್ಕೆ 450 ಗ್ರಾಂ ನೀರು. ಅದರಿಂದ ಮತ್ತೆ 50ಕ್ಕೆ 450. ಎರಡಕ್ಕೂ ಹೀಗೇ.

4. ಅಳೆಯುವುದು. ಕೆಡುವುದು ಇಲ್ಲೇ. ಮೊದಲು ಬರೀ ನೀರನ್ನು ಅಳೆಯಿರಿ. 5 ಮೈಕ್ರೊಸೀಮೆನ್ಸ್‌ಗಿಂತ ಜಾಸ್ತಿ ತೋರಿಸಿದರೆ ಆ ಕ್ಯಾನ್ ವಾಪಸ್ ಕೊಡಿ. ‘ಡಿಸ್ಟಿಲ್ಡ್’ ಅಂತ ಚೀಟಿ ಅಂಟಿಸಿದ ಬ್ಯಾಟರಿ ನೀರಿನಲ್ಲೂ ಸುಮ್ನೆ ಫಿಲ್ಟರ್ ನೀರು ತುಂಬಿರುವುದುಂಟು. ಆಮೇಲೆ ತೆಳುವಿನಿಂದ ಗಟ್ಟಿಯ ಕಡೆಗೆ ಹೋಗಿ, ಉಲ್ಟಾ ಬೇಡ. ಯಾಕೆಂದರೆ 50 ಮಿಲಿ ತೆಳು ದ್ರಾವಣಕ್ಕೆ ಪೆನ್ನಿನ ತುದಿಯಿಂದ ಗಟ್ಟಿಯದರ ಒಂದೇ ಹನಿ ಬಿದ್ದರೂ ಸಾಂದ್ರತೆ ಶೇ 10ರಷ್ಟು ಏರುತ್ತದೆ. ನಿಮ್ಮ ಪ್ರಯೋಗ ಅಲ್ಲಿಗೆ ಮುಗಿಯಿತು. ತುದಿಯನ್ನು ಬಟ್ಟೆಯಲ್ಲಿ ಒರೆಸಬೇಡಿ. ಅಳೆಯಬೇಕಾದ ದ್ರಾವಣವನ್ನೇ ಬೇರೆ ಲೋಟಕ್ಕೆ ಸ್ವಲ್ಪ ಸುರಿದು, ಅದರಲ್ಲಿ ಎರಡು ಸಲ ಅದ್ದಿ ಚೆಲ್ಲಿ. ಎಲೆಕ್ಟ್ರೋಡುಗಳ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಅಂಕಿ ಕೆಳಗಿಳಿಯುತ್ತದೆ, ಮೆಲ್ಲಗೆ ತಟ್ಟಿ. ಒಂದು ಡಿಗ್ರಿ ಬಿಸಿಗೆ ವಾಹಕತೆ ಸುಮಾರು ಶೇ 2 ಏರುತ್ತದೆ. ಎಲ್ಲ ಲೋಟಗಳನ್ನೂ ಒಂದೇ ಬೋಗುಣಿ ನೀರಿನಲ್ಲಿ ಅರ್ಧ ಗಂಟೆ ಇಡಿ. ಪೆನ್ನಿನಲ್ಲಿ ಉಷ್ಣತೆ ಸರಿಪಡಿಸುವ ಸೌಲಭ್ಯ ಇದ್ದರೂ ನಾನು ಅದನ್ನು ನಂಬುವುದಿಲ್ಲ.

5. ಪ್ರತಿ ರೀಡಿಂಗಿನಿಂದ ಬರೀ ನೀರಿನ ರೀಡಿಂಗ್ ಕಳೆಯಿರಿ, ಗಟ್ಟಿಯದರ ಅಂಕಿಯನ್ನು ಅದರ ಮುಂದಿನ ತೆಳುವಿನದರಿಂದ ಭಾಗಿಸಿ.

25 ಡಿಗ್ರಿಯಲ್ಲಿ, ಗಟ್ಟಿಯಿಂದ ತೆಳುವಿಗೆ, ಉಪ್ಪು ಸುಮಾರು 10,670, 1,185, 124 ಮೈಕ್ರೊಸೀಮೆನ್ಸ್ ತೋರಿಸಬೇಕು. ಹತ್ತು ಪಟ್ಟು ತೆಳು ಮಾಡಿದಾಗ ಮೊದಲು 9 ಪಟ್ಟು, ಆಮೇಲೆ 9.6 ಪಟ್ಟು ಇಳಿಕೆ. ಮೈಲುತುತ್ತದ್ದು 5,055, 831, 115. ಇಳಿಕೆ 6.1 ಪಟ್ಟು, ನಂತರ 7.2 ಪಟ್ಟು ಮಾತ್ರ. ತೆಳುವಾದಂತೆ ಜೋಡಿಗಳು ಬಿಟ್ಟು, ಬಿಡಿ ಅಯಾನುಗಳು ಮತ್ತೆ ಕೆಲಸಕ್ಕೆ ಬಂದಿವೆ. ಆದರೆ ಹತ್ತು ಪಟ್ಟಿಗೆ ಬಿದ್ದ ಪೂರಾ ಕೊರತೆಯನ್ನು ಜೋಡಿಗಳ ತಲೆಗೆ ಕಟ್ಟಬೇಡಿ. ಎದುರುಬದುರು ಓಡುವ ಅಯಾನುಗಳು ಜೋಡಿಯಾಗದೆಯೂ ಒಂದನ್ನೊಂದು ಹಿಂದಕ್ಕೆ ಜಗ್ಗುತ್ತವೆ. ಉಪ್ಪಿನಲ್ಲಿ ಕಾಣುವ ಚಿಕ್ಕ ಕೊರತೆಗೆ ಹೆಚ್ಚುಕಡಿಮೆ ಅದೇ ಕಾರಣ.

ಎಪ್ಸಮ್ ಉಪ್ಪಿನಲ್ಲೂ (ಮೆಗ್ನೀಸಿಯಂ ಸಲ್ಫೇಟ್) ಇದನ್ನು ಮಾಡಬಹುದು. ನನಗೆ ಮೈಲುತುತ್ತವೇ ಇಷ್ಟ. ಲೋಟ ಅದಲುಬದಲಾದರೆ ನೀಲಿ ಬಣ್ಣವೇ ಹೇಳಿಬಿಡುತ್ತದೆ, ಅಲ್ವಾ? ಆದರೆ ಅದು ವಿಷ. ಕುಡಿಯುವ ಲೋಟ ಬಳಸಬೇಡಿ, ಉಳಿದದ್ದನ್ನು ಕೆರೆ, ಬಾವಿ ಕಡೆ ಚೆಲ್ಲಬೇಡಿ, ಮೀನು ಸಾಯುತ್ತವೆ. ಸುಣ್ಣ ಕದಡಿ ಒಂದು ರಾತ್ರಿ ಬಿಟ್ಟರೆ ತಾಮ್ರ ನೀಲಿ ಗಸಿಯಾಗಿ ತಳಕ್ಕೆ ಕೂರುತ್ತದೆ.