ಅರವತ್ತರ ದಶಕದ ಗಾರ್ಡನ್ ಟ್ರ್ಯಾಕ್ಟರ್: ಕೊಳ್ಳುವ ಮುನ್ನ ನಾನು ನೋಡಿದ್ದೇನು

ಓಹಾಯೋದ ಹಳ್ಳಿಗಾಡಿನಲ್ಲಿ ನಾವು ಕೊಂಡ ಮನೆಯ ಜೊತೆ ಮೂರು ಎಕರೆ ಜಮೀನೂ ಬಂತು. ಒಂದಿಷ್ಟು ಜಾಗ ತರಕಾರಿಗೆ ಉಳಬೇಕು, ಉಳಿದ ಕಡೆ ಹುಲ್ಲು ಕತ್ತರಿಸಬೇಕು, ಚಳಿಗಾಲದಲ್ಲಿ ಮನೆಯಿಂದ ರಸ್ತೆಯವರೆಗೆ ಹಿಮ ತಳ್ಳಬೇಕು. ಮೂರೂ ಕೆಲಸ ಒಂದೇ ಯಂತ್ರ ಮಾಡಬೇಕೆಂದು ನನ್ನ ಆಸೆ. ದೊಡ್ಡ ಅಂಗಡಿಗಳಲ್ಲಿ ಸಾಲಾಗಿ ನಿಲ್ಲಿಸಿರುವುದು ಲಾನ್ ಟ್ರ್ಯಾಕ್ಟರ್. ನೋಡಲು ಚೆಂದ, ಹುಲ್ಲು ಕತ್ತರಿಸಲು ಸಾಕು. ಆದರೆ ಚಾಸಿ ಒತ್ತಿ ಮಡಿಸಿದ ತಗಡು, ಹಿಂದಿನ ಗೇರ್ ಬಾಕ್ಸ್ ಎಷ್ಟೋ ಮಾದರಿಗಳಲ್ಲಿ ಸೀಲ್ ಮಾಡಿದ್ದು. ಎಣ್ಣೆ ಬದಲಿಸಲು ಒಂದು ಡ್ರೈನ್ ಬೋಲ್ಟ್ ಕೂಡ ಇರುವುದಿಲ್ಲ. ಅದಕ್ಕೆ ನೇಗಿಲು ಕಟ್ಟಿ ಇಲ್ಲಿನ ಜೇಡಿಮಣ್ಣಿಗೆ ಇಳಿಸಿದರೆ ಗೇರ್ ಬಾಕ್ಸ್ ಬೇಗ ಕೈಕೊಡುತ್ತದೆ. ನೆಲಕ್ಕೆ ಕಚ್ಚುವ ಉಪಕರಣ ಎಳೆಯಲೆಂದೇ ಕಟ್ಟಿದ ಯಂತ್ರ ಗಾರ್ಡನ್ ಟ್ರ್ಯಾಕ್ಟರ್. ಹೊಸದಾಗಿ ಅಂಥದ್ದನ್ನು ಕೊಳ್ಳಲು ಹೋದರೆ ಬೆಲೆ ಹಳೆ ಕಾರಿನಷ್ಟಾಗುತ್ತದೆ. ಹಾಗಾಗಿ ಹಳೆಯದರ ಕಡೆ ತಿರುಗಿದೆ.

ಹಳೆಯ ಯಂತ್ರದ ಬಾಳಿಕೆ ಎಂದರೆ ಅದು ಕೆಡುವುದಿಲ್ಲ ಎಂದಲ್ಲ. ಐವತ್ತು ಅರವತ್ತು ವರ್ಷ ದುಡಿದದ್ದರಲ್ಲಿ ಏನಾದರೂ ಸವೆದೇ ಇರುತ್ತದೆ. ಸವೆದದ್ದನ್ನು ಬಿಚ್ಚಬಹುದೇ, ಕೊರೆದು ಸರಿಮಾಡಬಹುದೇ, ಬಿಡಿಭಾಗ ಇಂದಿಗೂ ಸಿಗುತ್ತದೆಯೇ? ನಾನು ಈ ಮೂರು ಪ್ರಶ್ನೆ ಇಟ್ಟುಕೊಂಡೇ ಹುಡುಕಿದೆ. ಬಣ್ಣ, ಸೀಟು, ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಮೀಟರು, ಯಾವುದಕ್ಕೂ ಬೆಲೆ ಕೊಡಲಿಲ್ಲ. ಹೊಸ ಬಣ್ಣ ಹೊಡೆದದ್ದಾದರೆ ಇನ್ನೂ ಹೆಚ್ಚು ಎಚ್ಚರ ವಹಿಸಿದೆ; ಹೊಸ ಬಣ್ಣದ ಕೆಳಗೆ ಎಣ್ಣೆ ಸೋರಿದ ಕಲೆ ಕಾಣುವುದಿಲ್ಲ.

ಮೂರಕ್ಕೂ ಹೌದು ಎನ್ನಿಸಿದ್ದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಕೆಂಟಕಿಯ ಲೂಯಿವಿಲ್‌ನಲ್ಲಿ ಕಟ್ಟಿದ ಕಬ್ ಕೆಡೆಟ್. 1961ರ ಮಾದರಿಯಾಗಿ ಮೊದಲು ಬಂದದ್ದು 7 ಅಶ್ವಶಕ್ತಿಯದು. 1981ರಲ್ಲಿ ಈ ವ್ಯವಹಾರವನ್ನು ಎಂಟಿಡಿ ಎಂಬ ಇನ್ನೊಂದು ಕಂಪನಿಗೆ ಮಾರಿದರು. ನನಗೆ ಬೇಕಿದ್ದುದು ಅದಕ್ಕೂ ಹಿಂದಿನವು. ಅವುಗಳಲ್ಲಿ ಎಂಜಿನ್‌ನಿಂದ ಚಕ್ರಕ್ಕೆ ಶಕ್ತಿ ಹೋಗುವುದು ಬೆಲ್ಟಿನ ಮೇಲಲ್ಲ. ಕ್ಲಚ್ ಡಿಸ್ಕ್, ಉಕ್ಕಿನ ಡ್ರೈವ್ ಶಾಫ್ಟ್, ಸೀಟಿನ ಕೆಳಗೆ ಬೀಡು ಕಬ್ಬಿಣದ ಗೇರ್ ಬಾಕ್ಸ್, ಅಷ್ಟೇ. ಆ ಗೇರ್ ಬಾಕ್ಸ್ ಕೂಡ ಇದೇ ಕಂಪನಿ 1947ರಿಂದ ರೈತರಿಗೆ ಮಾರುತ್ತಿದ್ದ ಫಾರ್ಮಾಲ್ ಕಬ್ ಟ್ರ್ಯಾಕ್ಟರ್‌ನ ವಂಶದ್ದು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹೊಲದ ಟ್ರ್ಯಾಕ್ಟರ್‌ನ ಹಿಂಭಾಗ ಕೊಟ್ಟಿದ್ದರಲ್ಲ, ಆ ಎಂಜಿನಿಯರುಗಳ ಬಗ್ಗೆ ನನಗೆ ನಿಜವಾದ ಗೌರವವಿದೆ.

ಎಂಜಿನ್ ವಿಸ್ಕಾನ್ಸಿನ್‌ನ ಕೋಲರ್ ಕಂಪನಿಯ ಕೆ ಸರಣಿಯದು. ಒಂದೇ ಸಿಲಿಂಡರ್, ಬೀಡಿನ ಬ್ಲಾಕ್. 10 ಅಶ್ವಶಕ್ತಿಗೆ ಕೆ241, 12ಕ್ಕೆ ಕೆ301, 14ಕ್ಕೆ ಕೆ321. ಸಿಲಿಂಡರ್ ಸವೆದರೆ ಇಂಚಿನ ಸಾವಿರದಲ್ಲಿ 10, 20, 30 ಭಾಗದಷ್ಟು ಕೊರೆದು ಅಗಲ ಮಾಡಬಹುದು. ಆ ಅಳತೆಗಳ ಪಿಸ್ಟನ್ ಈಗಲೂ ಸಿಗುತ್ತವೆ. ಒಂದು ವಿಷಯ ಮಾತ್ರ ಚೆನ್ನಾಗಿ ತಿಳಿದಿರಬೇಕು: ಇದರಲ್ಲಿ ಆಯಿಲ್ ಪಂಪ್ ಇಲ್ಲ. ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ತುದಿಯ ಒಂದು ಸಣ್ಣ ನಾಲಿಗೆ ಎಣ್ಣೆಯಲ್ಲಿ ಮುಳುಗೆದ್ದು ಒಳಗೆಲ್ಲ ಎರಚುತ್ತದೆ. ಆ ರಾಡ್ ಅಲ್ಯೂಮಿನಿಯಂದು, ನಡುವೆ ಬೇರೆ ಬೇರಿಂಗ್ ಇಲ್ಲದೆ ನೇರವಾಗಿ ಕ್ರ್ಯಾಂಕ್ ಮೇಲೆ ತಿರುಗುತ್ತದೆ. ಎಣ್ಣೆ ಕಡಿಮೆಯಾದರೆ ಮೊದಲು ಹೋಗುವುದು ಅದೇ. ಹಾಗಾಗಿ ನಾನು ಎಲ್ಲಕ್ಕಿಂತ ಮೊದಲು ಎಣ್ಣೆ ಕಡ್ಡಿ ಎಳೆದು ನೋಡುತ್ತಿದ್ದೆ. ಕಡ್ಡಿಗೆ ಎಣ್ಣೆ ತಾಗದ ಟ್ರ್ಯಾಕ್ಟರ್‌ಗೆ ಮುಂದಿನ ಪರೀಕ್ಷೆಯ ಅಗತ್ಯವೇ ಇಲ್ಲ.

ಮಾರುವವರಿಗೆ ಫೋನಿನಲ್ಲೇ ಒಂದು ಮಾತು ಹೇಳುತ್ತಿದ್ದೆ: "ನಾನು ಬರುವ ತನಕ ದಯವಿಟ್ಟು ಸ್ಟಾರ್ಟ್ ಮಾಡಬೇಡಿ." ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡುತ್ತಿದ್ದೆ. ತಣ್ಣಗಿದ್ದ ಎಂಜಿನ್ ಹೇಗೆ ಏಳುತ್ತದೆ, ನೀಲಿ ಹೊಗೆ ಬಂದು ನಿಲ್ಲುತ್ತದೆಯೇ ಅಥವಾ ಬರುತ್ತಲೇ ಇರುತ್ತದೆಯೇ ಎಂಬುದರಲ್ಲಿ ಪಿಸ್ಟನ್ ಸುತ್ತಲಿನ ರಿಂಗುಗಳ ಸ್ಥಿತಿ ಅರ್ಧ ತಿಳಿಯುತ್ತದೆ. ಕಂಪ್ರೆಷನ್ ಗೇಜ್ ಹಿಡಿದು ಹೋಗುವುದರಿಂದ ಇಲ್ಲಿ ಪ್ರಯೋಜನವಿಲ್ಲ. ಸುಲಭವಾಗಿ ಸ್ಟಾರ್ಟ್ ಆಗಲೆಂದು ಎಂಜಿನ್ ನಿಧಾನ ತಿರುಗುವಾಗ ಎಗ್ಸಾಸ್ಟ್ ವಾಲ್ವನ್ನು ಸ್ವಲ್ಪ ತೆರೆದಿಡುವ ವ್ಯವಸ್ಥೆ, ವಾಲ್ವ್‌ಗಳನ್ನು ಎತ್ತುವ ಕ್ಯಾಮ್‌ನಲ್ಲಿದೆ, ಗೇಜ್ ಕಡಿಮೆಯೇ ತೋರಿಸುತ್ತದೆ. ಬದಲಿಗೆ ಪಿಸ್ಟನ್ ಮೇಲ್ತುದಿಯಲ್ಲಿ ನಿಲ್ಲಿಸಿ, ಪ್ಲಗ್ ತೂತಿನಿಂದ ಗಾಳಿ ತುಂಬಿ, ಎಲ್ಲಿ ಸೋರುತ್ತದೆಂದು ಕಿವಿಗೊಡಬೇಕು. ಸೈಲೆನ್ಸರ್‌ನಲ್ಲಿ ಸದ್ದಾದರೆ ಎಗ್ಸಾಸ್ಟ್ ವಾಲ್ವ್, ಕಾರ್ಬುರೇಟರ್‌ನಲ್ಲಾದರೆ ಇನ್‌ಟೇಕ್ ವಾಲ್ವ್, ಎಣ್ಣೆ ತುಂಬುವ ಬಾಯಲ್ಲಾದರೆ ರಿಂಗ್. ಪ್ಲಗ್ ಬಿಚ್ಚಿದ್ದಾಗಲೇ ಪುಲ್ಲಿಯನ್ನು ಕೈಯಲ್ಲಿ ಹಿಂದೆ ಮುಂದೆ ಅಲುಗಿಸುತ್ತೇನೆ. ಪಿಸ್ಟನ್ ಕದಲುವ ಮೊದಲೇ ಟಕ್ ಎಂದರೆ ರಾಡ್ ಸಡಿಲ.

ಇನ್ನೊಂದು ಎಚ್ಚರಿಕೆ. ಓಹಾಯೋ, ಪೆನ್ಸಿಲ್ವೇನಿಯಾ ಕಡೆ ಜಾತ್ರೆ ಮೈದಾನಗಳಲ್ಲಿ ಗಾರ್ಡನ್ ಟ್ರ್ಯಾಕ್ಟರ್‌ಗಳಿಂದ ಭಾರ ಎಳೆಸುವ ಪಂದ್ಯ ನಡೆಯುತ್ತದೆ, ಕಬ್ ಕೆಡೆಟ್ ಅಲ್ಲಿ ಬಹಳ ಜನಪ್ರಿಯ. ಆ ಪಂದ್ಯಗಳು ನೋಡಲು ಸೊಗಸು, ಆದರೆ ಅವುಗಳಿಗಾಗಿ ಗವರ್ನರ್ (ಎಂಜಿನ್ ವೇಗ ಮಿತಿ ಮೀರದಂತೆ ಹಿಡಿಯುವ ಭಾಗ) ತೆಗೆದು ಓಡಿಸಿದ ಎಂಜಿನ್ ಮನೆಗೆ ಬೇಡ. ಗವರ್ನರ್‌ನ ಕಡ್ಡಿ, ಸ್ಪ್ರಿಂಗ್ ಜಾಗದಲ್ಲೇ ಇವೆಯೇ, ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ನಿಮಿಷಕ್ಕೆ 3600 ಸುತ್ತಿಗಿಂತ ಹೆಚ್ಚು ಅರಚುತ್ತದೆಯೇ ನೋಡಿ.

ಎಂಜಿನ್ ಕೆಟ್ಟಿದ್ದರೂ ನಾನು ಅಷ್ಟು ಹೆದರುವುದಿಲ್ಲ. ನನಗೆ ನಿರ್ಣಾಯಕ ಅನ್ನಿಸಿದ್ದು ಹಿಂಭಾಗ. ಗೇರ್ ಬಾಕ್ಸ್‌ನ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ವರ್ಷಗಟ್ಟಲೆ ಹಾಗೇ ನಿಂತಿದ್ದರೆ ಬೇರಿಂಗ್‌ಗಳಿಗೆ ತುಕ್ಕು ಹಿಡಿದಿರುತ್ತದೆ. ಮೂರು ಗೇರಿನಲ್ಲೂ ಇಳಿಜಾರು ಹತ್ತಿಸಿ, ಥ್ರಾಟಲ್ ಇಳಿಸಿ ವಾಪಸ್ ಇಳಿಸಬೇಕು. ಇಳಿಯುವಾಗ ಗೇರ್ ತಾನಾಗಿ ಹಾರಿದರೆ ಹಲ್ಲು ಸವೆದಿದೆ ಎಂದೇ ಲೆಕ್ಕ. ಡ್ರೈವ್ ಶಾಫ್ಟ್‌ನ ಸ್ಪ್ರಿಂಗ್ ಪಿನ್‌ಗಳ ತೂತು ದುಂಡಗೇ ಇದೆಯೇ, ಉದ್ದಕ್ಕೆ ಅಗಲವಾಗಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಮುಂದಿನ ಆಕ್ಸಲ್ ಜಾಕ್ ಮೇಲೆ ಎತ್ತಿ ಅಲುಗಿಸಿ. ಅದರ ನಡುಪಿನ್ ಎಲ್ಲದರಲ್ಲೂ ಸವೆದಿರುತ್ತದೆ, ಅದೊಂದಕ್ಕೇ ಬೇಡ ಎನ್ನಬೇಕಿಲ್ಲ.

ಗೇರೋ, ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ಹೈಡ್ರೋಸ್ಟ್ಯಾಟಿಕ್ಕೋ ಎಂದು ನನ್ನಂತೆ ಇಲ್ಲಿ ಜಮೀನು ಸಮೇತ ಮನೆ ಕೊಂಡ ಕನ್ನಡದ ಗೆಳೆಯರು ಕೇಳುತ್ತಿರುತ್ತಾರೆ. ಹುಲ್ಲು, ಹಿಮ ಎರಡೇ ಕೆಲಸವಾದರೆ ಹೈಡ್ರೋ ಸುಖ. ಕ್ಲಚ್ ತುಳಿಯದೆ ಹಿಂದೆ ಮುಂದೆ ಹೋಗಬಹುದು. ಉಳುವುದಿದ್ದರೆ ಗೇರೇ ಸರಿ, ಏಕೆಂದರೆ ಶಕ್ತಿ ಕಡಿಮೆ ಸೋರುತ್ತದೆ, ಕೆಟ್ಟರೆ ಮನೆಯಲ್ಲೇ ಬಿಚ್ಚಬಹುದು. ಹೈಡ್ರೋ ಪಂಪ್ ರಿಪೇರಿ ಮನೆಯ ಶೆಡ್ಡಿನ ಕೆಲಸವಲ್ಲ. ಎಪ್ಪತ್ತರ ದಶಕದ ಮಧ್ಯದಿಂದ ಬಂದ 1000, 1200, 1250, 1450 ಮಾದರಿಗಳಲ್ಲಿ ಎಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ಕೂತಿದೆ. ಅದುರುವುದು ಕಡಿಮೆ, ನಿಜ. ಆದರೆ ರಬ್ಬರ್ ಕುಸಿದರೆ ಎಂಜಿನ್ ಓರೆಯಾಗಿ ಡ್ರೈವ್ ಶಾಫ್ಟ್ ಹಾಳಾಗುತ್ತದೆ. ಆದ್ದರಿಂದ ಇವುಗಳಿಗಿಂತ ಹಿಂದಿನವೇ ನನಗೆ ಮೆಚ್ಚುಗೆ.

ಕಬ್ ಕೆಡೆಟ್ ಸಿಗದಿದ್ದರೆ ನಾನು ವೀಲ್ ಹಾರ್ಸ್ ಕೊಳ್ಳುತ್ತಿದ್ದೆ. 1946ರಲ್ಲಿ ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಪಾಂಡ್ ಕುಟುಂಬ ಶುರುಮಾಡಿದ ಕಂಪನಿ. ಅದರಲ್ಲಿ ಬೆಲ್ಟ್ ಇದೆ, ಆದರೆ ಗೇರ್ ಬಾಕ್ಸ್ ಬೀಡಿನದು, ಬೆಲ್ಟ್ ಬದಲಿಸುವುದೂ ಸುಲಭ. ಜಾನ್ ಡೀರ್ 110, 140 ಕೂಡ ಗಟ್ಟಿಮುಟ್ಟು. ಹೆಸರಿಗೆ ಜನ ಹೆಚ್ಚು ಕೊಡುವುದರಿಂದ ನನ್ನ ಲೆಕ್ಕಕ್ಕೆ ಹೊಂದಲಿಲ್ಲ.

ಕೊನೆಗೆ ಸಿಕ್ಕಿದ್ದು ಕಬ್ ಕೆಡೆಟ್ 122. ಅರವತ್ತರ ದಶಕದ ಮಧ್ಯದ್ದು, ಕೆ301 ಎಂಜಿನ್, ಮೂರು ಗೇರ್. ಒಬ್ಬ ವಯಸ್ಸಾದ ರೈತರ ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತಿತ್ತು. ಅವರ ತಂದೆ ಹೊಸದಾಗಿ ಕೊಂಡದ್ದಂತೆ. ಎಣ್ಣೆ ಕಲೆಯಾದ ಕೈಪಿಡಿಯನ್ನೂ ತಂದುಕೊಟ್ಟರು. ಎಂಜಿನ್ ನೀಲಿ ಹೊಗೆ ಉಗುಳುತ್ತಿತ್ತು. ಗೇರ್ ಬಾಕ್ಸ್ ಎಣ್ಣೆ ತಿಳಿಯಾಗಿತ್ತು, ಯಾವ ಗೇರೂ ಹಾರಲಿಲ್ಲ. ಹೊಗೆಯ ಕಾರಣಕ್ಕೆ ಬೇರೆಯವರು ಬಿಟ್ಟುಹೋಗಿದ್ದರು, ನಾನು ಅದೇ ಕಾರಣಕ್ಕೆ ಕಡಿಮೆ ಬೆಲೆ ಕೇಳಿ ತಂದೆ. ಬ್ರಿನ್ಲಿ ಕಂಪನಿಯ 10 ಇಂಚಿನ ನೇಗಿಲು, ಹಿಮ ತಳ್ಳುವ ಬ್ಲೇಡು, ಚಕ್ರಕ್ಕೆ ಕಟ್ಟುವ ಬೀಡಿನ ತೂಕಗಳು ಎಲ್ಲ ಜೊತೆಗೇ ಬಂದವು. ಇವನ್ನು ಬಿಡಿಯಾಗಿ ಕೊಳ್ಳಲು ಹೋದರೆ ಟ್ರ್ಯಾಕ್ಟರ್‌ನಷ್ಟೇ ಖರ್ಚು, ಆದ್ದರಿಂದ ಕೊಟ್ಟಿಗೆಯ ಮೂಲೆಯಲ್ಲಿ ಇನ್ನೇನಿದೆ ಎಂದು ಕೇಳಲು ಸಂಕೋಚಪಡಬೇಡಿ. ಹುಲ್ಲು ಕತ್ತರಿಸುವ ಅಲಗುಗಳ ಮೇಲಿನ ತಗಡಿನ ಡೆಕ್ ಮಾತ್ರ ತುಕ್ಕು ತಿಂದು ತೂತಾಗಿತ್ತು. ಅದನ್ನು ಬಿಟ್ಟು ಬೇರೆ ಹುಡುಕಿದೆ.

ಆ ಚಳಿಗಾಲ ಎಂಜಿನ್ ಇಳಿಸಿ ಮೆಷಿನ್ ಶಾಪಿಗೆ ಒಯ್ದೆ. ಇಂಚಿನ ಸಾವಿರದಲ್ಲಿ 10 ಭಾಗ ಕೊರೆಸಿದ ಮೇಲೆ ಸಿಲಿಂಡರ್ ಸ್ವಚ್ಛವಾಯಿತು. ಹೊಸ ಪಿಸ್ಟನ್, ರಿಂಗ್, ರಾಡ್ ಹಾಕಿ ವಾಲ್ವ್ ಉಜ್ಜಿ ಕೂರಿಸಿದೆ. ಕಿಡಿ ಹೊತ್ತಿಸುವ ಇಗ್ನಿಷನ್ ಪಾಯಿಂಟ್‌ಗಳ ಅಂತರವನ್ನು ಇಂಚಿನ ಸಾವಿರದಲ್ಲಿ 20 ಭಾಗಕ್ಕೆ ಇಟ್ಟೆ. ಹಿಂದಿನ ಆಕ್ಸಲ್ ಸೀಲ್‌ಗಳು, ಕ್ಲಚ್‌ನ ಥ್ರೋಔಟ್ ಬೇರಿಂಗ್ ಹೊಸವು. ಎಲ್ಲ ಸೇರಿಸಿದರೂ ಅಂಗಡಿಯ ಹೊಸ ಲಾನ್ ಟ್ರ್ಯಾಕ್ಟರ್‌ಗಿಂತ ಕಡಿಮೆಯೇ ಆಯಿತು. ಈಗ 25 ಗಂಟೆಗೊಮ್ಮೆ ಎಣ್ಣೆ ಬದಲಿಸುತ್ತೇನೆ, ಪ್ರತಿ ಸಲ ಹತ್ತುವ ಮೊದಲು ಕಡ್ಡಿ ನೋಡುತ್ತೇನೆ. ವಸಂತದಲ್ಲಿ ಬದನೆ, ಅವರೆ ಪಾತಿಗೆ ಉಳುವಾಗ ಎರಡನೇ ಗೇರಿನಲ್ಲಿ ತಿಣುಕದೆ ಎಳೆಯುತ್ತದೆ. ಸ್ಟೀರಿಂಗ್ ಬಾಕ್ಸ್ ಒಳಗಿನ ಪಿನ್ ಸವೆದು ಚಕ್ರ ಸ್ವಲ್ಪ ಅಲೆಯುತ್ತದೆ; ಹೊಸ ಪಿನ್ ತರಿಸಿಟ್ಟಿದ್ದೇನೆ, ಹುಲ್ಲಿನ ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚಬೇಕು.