ಸ್ತನದ ಆಪರೇಷನ್ ಆಗಿ ಡ್ರೈನ್ ಸಮೇತ ಮನೆಗೆ ಬಂದಾಗ

ಕ್ಯಾನ್ಸರ್‌ಗಾಗಿ ಸ್ತನ, ಕಂಕುಳಿನ ಗ್ರಂಥಿ ತೆಗೆದ ಮೇಲೆ ಅನೇಕ ಹೆಂಗಸರು ಡ್ರೈನ್ ಇಟ್ಟುಕೊಂಡೇ ಮನೆಗೆ ಬರುತ್ತಾರೆ. ಗಾಯದೊಳಗೆ ಜಿನುಗುವ ನೀರನ್ನು ಎಳೆದು ತರುವ ಕೊಳವೆ, ಅದರ ತುದಿಗೊಂದು ಹಿಸುಕಿದರೆ ಕುಗ್ಗುವ ಡಬ್ಬಿ, ಇಷ್ಟೇ. ಡಬ್ಬಿ ಗಾಳಿ ತುಂಬಿ ಉಬ್ಬಿದರೆ ಎಳೆಯುವ ಶಕ್ತಿ ಹೋಯಿತೆಂದೇ ಅರ್ಥ. ನೀರು ಚರ್ಮದಡಿ ನಿಂತು ಊತ ಬರುತ್ತದೆ.

ಆಪರೇಷನ್ ಆದವಳನ್ನು ಮನೆಯಲ್ಲಿ ನೋಡಿಕೊಳ್ಳುವವರು ದಿನವೂ ಬೆಳಿಗ್ಗೆ, ಸಂಜೆ ಒಂದೇ ಹೊತ್ತಿಗೆ ಡಬ್ಬಿ ಖಾಲಿ ಮಾಡಿ. ಸೋಪಿನಲ್ಲಿ ಕೈ ತೊಳೆದು, ಕೊಳವೆಗೆ ಕ್ಲಿಪ್ ಹಾಕಿ, ಮುಚ್ಚಳ ತೆಗೆದು, ಎಂಎಲ್ ಗುರುತಿರುವ ಲೋಟಕ್ಕೆ ಬಗ್ಗಿಸಿ. ಡಬ್ಬಿಯನ್ನು ಪೂರ್ತಿ ಹಿಸುಕಿ ಹಿಡಿದಿರುವಾಗಲೇ ಮುಚ್ಚಳ ಹಾಕಿ, ಆಮೇಲೆ ಕ್ಲಿಪ್ ಬಿಡಿ. ಹಿಸುಕದೆ ಮುಚ್ಚುವುದು, ಕ್ಲಿಪ್ ಬಿಡಲು ಮರೆಯುವುದು, ಇವೆರಡರಿಂದಲೇ ಹೆಚ್ಚು ತೊಂದರೆ.

ಅಳತೆ, ಬಣ್ಣ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. 24 ಗಂಟೆಗೆ 30 ಎಂಎಲ್‌ಗಿಂತ ಕಡಿಮೆ ಬರತೊಡಗಿದಾಗ ಸಾಮಾನ್ಯವಾಗಿ ಡ್ರೈನ್ ತೆಗೆಯುತ್ತಾರೆ. ‘ಸ್ವಲ್ಪ ಬರ್ತಾ ಇದೆ’ ಎಂದರೆ ಡಾಕ್ಟರಿಗೆ ಏನೂ ತಿಳಿಯದು. ಕೆಂಪು ದಿನದಿಂದ ದಿನಕ್ಕೆ ತಿಳಿಯಾಗಿ ಹಳದಿಗೆ ತಿರುಗಬೇಕು. ಚೆನ್ನಾಗಿ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತರೆ ಗಾಯ ಮಾಗಿತೆಂದುಕೊಳ್ಳಬೇಡಿ, ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ನರ್ಸ್ ತೋರಿಸಿಕೊಟ್ಟಿದ್ದರೆ, ಚರ್ಮದ ಹತ್ತಿರ ಒಂದು ಕೈಯಲ್ಲಿ ಕೊಳವೆಯನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದ ಡಬ್ಬಿಯ ಕಡೆಗೆ ಒತ್ತುತ್ತ ಸವರಿ.

ತೂಗಾಡುವ ಡಬ್ಬಿ ಹೊಲಿಗೆಯನ್ನು ಜಗ್ಗಿ ನೋಯಿಸುತ್ತದೆ. ಹಳೆಯ ಕಾಟನ್ ಸೀರೆಯಲ್ಲಿ ಪುಟ್ಟ ಚೀಲ ಹೊಲಿದು, ಉದ್ದ ಲಾಡಿ ಹಾಕಿ, ಗಾಯಕ್ಕಿಂತ ಕೆಳಗೆ ಇರುವಂತೆ ಕೊರಳಿಗೆ ತೊಡಿಸಿ. ಸೆರಗಿನಡಿ ಅದು ಕಾಣುವುದಿಲ್ಲ. ನೋಡಲು ಬಂದವರೆದುರು ಆಕೆ ನಿರಾಳವಾಗಿ ಕೂತಿರಬಹುದು. ಮುಂದೆ ಬಟನ್ ಇರುವ ನೈಟಿಯೇ ಒಳ್ಳೆಯದು. ಆಪರೇಷನ್ ಆದ ಕಡೆಯ ತೋಳನ್ನು ಮೊದಲು ತೂರಿಸಿ, ಬಿಚ್ಚುವಾಗ ಕೊನೆಗೆ ತೆಗೆಯಿರಿ.

100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ಜ್ವರ, ಕೀವು, ಹರಡುವ ಕೆಂಪು, ಡಬ್ಬಿಯಲ್ಲಿ ಬೇಗಬೇಗ ತುಂಬುವ ಕಡುಗೆಂಪು ರಕ್ತ: ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ. ಕೊಳವೆ ಕಳಚಿ ಬಂದರೆ ಒಳಗೆ ತಳ್ಳಲೇಬೇಡಿ; ಶುದ್ಧ ಗಾಜ್ ಬಟ್ಟೆ ಒತ್ತಿಟ್ಟು ಆಸ್ಪತ್ರೆಗೆ ಹೊರಡಿ.

ಮನೆಯ ಹಿರಿಯರು ಪ್ರೀತಿಯಿಂದಲೇ ‘ಕೈ ಅಲ್ಲಾಡಿಸಬೇಡ’ ಎನ್ನುತ್ತಾರೆ. ಆದರೆ ಸುಮ್ಮನಿಟ್ಟ ಭುಜ ಬಿಗಿಯುತ್ತದೆ, ಮುಂದೆ ರೇಡಿಯೇಷನ್ ಬೇಕಾದರೆ ಕೈಯನ್ನು ತಲೆಯ ಮೇಲಿಟ್ಟು ಮಲಗಲಾಗದೆ ಚಿಕಿತ್ಸೆಯೇ ತಡವಾಗುತ್ತದೆ. ಡ್ರೈನ್ ಇರುವಷ್ಟು ದಿನ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಿಸುವುದು, ಭುಜದ ಮಟ್ಟದವರೆಗೆ ಮಾತ್ರ ಎತ್ತುವುದು. ಡ್ರೈನ್ ತೆಗೆದು ಡಾಕ್ಟರು ಒಪ್ಪಿದ ಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲೆ ಹತ್ತಿಸಲಿ. ಎಟುಕಿದಲ್ಲಿ ಪೆನ್ಸಿಲ್ ಗುರುತು ಹಾಕಿ. ಎಳೆತ ಅನ್ನಿಸಿದರೆ ಸರಿ, ಚುಚ್ಚುವ ನೋವು ಬಂದರೆ ಅಲ್ಲಿಗೆ ನಿಲ್ಲಿಸಿ.